ಹಳೆಯ ಡಾಜ್ ಪಿಕಪ್ಪಿನ ಡೀಸೆಲ್ ಪಂಪ್: ಎಳೆತ ಹೆಚ್ಚಿಸುವ ಕ್ರಮ

1989ರಿಂದ 1993ರವರೆಗೆ ಅಮೆರಿಕದಲ್ಲಿ ಮಾರಾಟವಾದ ಡಾಜ್ ರ‍್ಯಾಮ್ ಡೀಸೆಲ್ ಪಿಕಪ್ಪಿನಲ್ಲಿ ಇಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ತೀರ್ಮಾನಿಸುವುದು ಕೆಲವು ಸ್ಪ್ರಿಂಗು, ಸ್ಕ್ರೂ, ಸನ್ನೆಗಳು (ಲಿವರ್) ಮಾತ್ರ. ಆ ಲೆಕ್ಕದಲ್ಲಿ ಕಂಪ್ಯೂಟರ್ ಕೈಹಾಕುವುದೇ ಇಲ್ಲ. ಹೀಗಾಗಿ ಸ್ಪ್ಯಾನರ್ ಹಿಡಿದು ಅಭ್ಯಾಸವಿರುವ ಯಾರೇ ಆದರೂ ಮನೆಯ ಶೆಡ್ಡಿನಲ್ಲೇ ಈ ಗಾಡಿಯ ಎಳೆತವನ್ನು ಹೆಚ್ಚಿಸಬಹುದು. ಅದೇ ಸ್ಪ್ಯಾನರಿನಿಂದ ಪಿಸ್ಟನ್ ಕರಗಿಸಿಕೊಳ್ಳಲೂಬಹುದು. ಯಾವ ಸ್ಕ್ರೂ ಯಾವ ಸಂದರ್ಭದಲ್ಲಿ ಕೆಲಸ ಮಾಡುತ್ತದೆ ಎಂದು ಮೊದಲು ತಿಳಿದುಕೊಂಡು, ಒಂದು ಸಲಕ್ಕೆ ಒಂದನ್ನೇ ಮುಟ್ಟಿ, ಪ್ರತಿ ಸಲವೂ ಶಾಖ ಅಳೆಯುವವರ ಇಂಜಿನ್ ಉಳಿಯುತ್ತದೆ. ಈ ಲೇಖನವನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಈ ಗಾಡಿಯಲ್ಲಿರುವುದು ಕಮ್ಮಿನ್ಸ್ ಕಂಪನಿಯ ಬಿ ಸರಣಿಯ 5.9 ಲೀಟರ್ ಇಂಜಿನ್. ಆರು ಸಿಲಿಂಡರ್, ಹನ್ನೆರಡು ವಾಲ್ವ್, ಬೋರ್ 102 ಮಿ.ಮೀ., ಸ್ಟ್ರೋಕ್ 120 ಮಿ.ಮೀ. ಕಾರ್ಖಾನೆಯಿಂದ ಹೊರಬಂದಾಗ ಅದರ ಬಲ 2,500 ಆರ್‌ಪಿಎಂನಲ್ಲಿ 160 ಅಶ್ವಶಕ್ತಿ. ತಿರುಗಿಸುವ ಬಲ (ಟಾರ್ಕ್) 400 ಪೌಂಡ್-ಅಡಿ, ಅಂದರೆ ಸುಮಾರು 542 ನ್ಯೂಟನ್ ಮೀಟರ್. ಇದೇ ವಂಶದ ಇಂಜಿನ್ ನಮ್ಮವರಿಗೂ ಹೊಸತಲ್ಲ. ಜಮ್‌ಶೆಡ್‌ಪುರದ ಟಾಟಾ ಕಮ್ಮಿನ್ಸ್ ಕಾರ್ಖಾನೆಯಲ್ಲಿ ತಯಾರಾದ 5.9 ಲೀಟರ್ ಇಂಜಿನ್ನುಗಳನ್ನು ಹೊತ್ತ ಲಾರಿಗಳು ಕರ್ನಾಟಕದ ಹೆದ್ದಾರಿಗಳಲ್ಲಿ ವರ್ಷಗಟ್ಟಲೆ ಓಡಿವೆ. ತೂಕದ ಲಾರಿಗೆಂದೇ ಹೊಂದುವ ಇಂಜಿನ್ನನ್ನು ಪಿಕಪ್ಪಿಗೆ ಕೂರಿಸಿರುವುದರಿಂದ ಬ್ಲಾಕ್, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್‌ಗಳಲ್ಲಿ ಕಸುವು ಧಾರಾಳವಾಗಿದೆ. ಕಾರ್ಖಾನೆ ಇಂಧನವನ್ನು ಬಿಗಿಹಿಡಿದಿದ್ದರಲ್ಲಿ ಹಿಂದಿರುವ ಗೇರ್‌ಬಾಕ್ಸಿನ ತಾಳಿಕೆಯ ಪಾಲೂ ಇದೆ.

ಮೊದಲು ಪಂಪ್ ಯಾವುದೆಂದು ನೋಡಿ

ಬಾನೆಟ್ ಎತ್ತಿ ಇಂಜಿನ್ನಿನ ಎಡಭಾಗಕ್ಕೆ, ಅಂದರೆ ಅಮೆರಿಕದ ಗಾಡಿಯಲ್ಲಿ ಚಾಲಕನ ಕಡೆಗೆ ಬನ್ನಿ. ಪಂಪು ಚಿಕ್ಕದಾಗಿದ್ದು, ಹಿಂಭಾಗದ ಗುಂಡನೆಯ ತಲೆಯಿಂದ ಆರು ಉಕ್ಕಿನ ಕೊಳವೆಗಳು ವೃತ್ತಾಕಾರವಾಗಿ ಹೊರಟಿದ್ದರೆ ಅದು ಬಾಷ್ ಕಂಪನಿಯ ವಿ.ಇ. ಪಂಪ್. ಈ ಬರಹ ಅದಕ್ಕೆ ಮಾತ್ರ ಸಂಬಂಧಿಸಿದ್ದು. ಉದ್ದನೆಯ ಪಂಪಿನ ಬೆನ್ನಿನ ಮೇಲೆ ಆರು ಕೊಳವೆಗಳು ಸಾಲಾಗಿ ನಿಂತಿದ್ದರೆ ಅದು 1994ರಿಂದ 1998ರವರೆಗೆ ಬಂದ ಪಿ 7100. ಅದರ ಹೊಂದಾಣಿಕೆಯ ಬಗೆಯೇ ಬೇರೆ. 1998ರ ನಡುವಿನಿಂದ ಬಂದ 24 ವಾಲ್ವಿನ ಇಂಜಿನ್ನಿನಲ್ಲಿರುವುದು ಎಲೆಕ್ಟ್ರಾನಿಕ್ ಪಂಪ್. ಅದರಲ್ಲಿ ತಿರುಗಿಸಲು ಇಂಥ ಸ್ಕ್ರೂಗಳೇ ಇಲ್ಲ.

ಪಂಪಿನ ಮೈಮೇಲಿನ ಪುಟ್ಟ ತಗಡಿನ ಪಟ್ಟಿಯನ್ನು ಚಿಂದಿಬಟ್ಟೆಯಿಂದ ಒರೆಸಿದರೆ ವಿ.ಇ. 6/12 ಎಫ್ 1250 ಆರ್ ಎಂಬಂಥ ಬರಹ ಕಾಣುತ್ತದೆ. ಆರು ಸಿಲಿಂಡರ್, 12 ಮಿ.ಮೀ. ವ್ಯಾಸದ ಪ್ಲಂಜರ್ (ಡೀಸೆಲ್ ತಳ್ಳುವ ದಂಡ), ತೂಕದ ಗುಂಡುಗಳಿಂದ ಇಂಜಿನ್ನಿನ ವೇಗವನ್ನು ಹತೋಟಿಯಲ್ಲಿಡುವ ಯಾಂತ್ರಿಕ ಗವರ್ನರ್, ಪಂಪಿನ ನಿಗದಿತ ವೇಗ ನಿಮಿಷಕ್ಕೆ 1,250 ಸುತ್ತು, ಬಲಕ್ಕೆ ತಿರುಗುವಂಥದ್ದು ಎಂದು ಅದರ ಅರ್ಥ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಪಂಪು ಕ್ರ್ಯಾಂಕಿನ ಅರ್ಧ ವೇಗದಲ್ಲಿ ಓಡುತ್ತದೆ; ಆದ್ದರಿಂದ 1,250 ಎಂದರೆ ಇಂಜಿನ್ನಿನ 2,500. ಈ ಪಟ್ಟಿಯ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಬಿಡಿಭಾಗ ಕೇಳುವಾಗ ಅಂಗಡಿಯವರು ಮೊದಲು ಕೇಳುವುದು ಇದನ್ನೇ.

ಪಂಪಿನ ಹೊಟ್ಟೆಯೊಳಗೆ

ಇದನ್ನು ಹಾರಿಸಿ ಸ್ಪ್ಯಾನರಿಗೆ ಕೈಹಾಕಬೇಡಿ. ಮುಂದಿನ ಪ್ರತಿ ಹೆಜ್ಜೆಯೂ ಇದರ ಮೇಲೆಯೇ ನಿಂತಿದೆ.

ಆರು ಸಿಲಿಂಡರಿಗೂ ಪಂಪಿನಲ್ಲಿರುವುದು ಒಂದೇ ಪ್ಲಂಜರ್. ಅದು ತಿರುಗುತ್ತಲೇ ಹಿಂದಕ್ಕೂ ಮುಂದಕ್ಕೂ ಓಡುತ್ತದೆ. ತಿರುಗುವುದರಿಂದ ಸರದಿ ಬಂದ ಸಿಲಿಂಡರಿನ ಕೊಳವೆಗೆ ದಾರಿ ತೆರೆಯುತ್ತದೆ, ಮುಂದಕ್ಕೆ ನುಗ್ಗುವುದರಿಂದ ಡೀಸೆಲ್ ಆ ದಾರಿಯಲ್ಲಿ ಹೋಗುತ್ತದೆ. ಪ್ಲಂಜರಿನ ಮೈಗೆ ಅಪ್ಪಿಕೊಂಡಂತೆ ಒಂದು ಉಂಗುರವಿದೆ. ಪ್ಲಂಜರಿನಲ್ಲಿರುವ ಅಡ್ಡ ರಂಧ್ರ ಈ ಉಂಗುರದ ಅಂಚನ್ನು ದಾಟಿದ ಕೂಡಲೇ ಒತ್ತಡ ಪಂಪಿನೊಳಕ್ಕೇ ಬಿಟ್ಟುಹೋಗಿ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಮುಚ್ಚಿಕೊಳ್ಳುತ್ತದೆ. ಉಂಗುರ ಮುಂದಕ್ಕೆ ಸರಿದಷ್ಟೂ ರಂಧ್ರ ತೆರೆಯುವುದು ತಡವಾಗುತ್ತದೆ, ಹೆಚ್ಚು ಡೀಸೆಲ್ ಹೋಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಉಂಗುರ ಸರಿದರೆ ಸಿಂಪಡಣೆ ಶುರುವಾಗುವ ಹೊತ್ತು ಬದಲಾಗುವುದಿಲ್ಲ, ಮುಗಿಯುವ ಹೊತ್ತು ಮಾತ್ರ ಮುಂದಕ್ಕೆ ಹೋಗುತ್ತದೆ. ಹೆಚ್ಚುವರಿ ಡೀಸೆಲ್ ಸಿಲಿಂಡರಿಗೆ ಬೀಳುವುದು ಪಿಸ್ಟನ್ ಆಗಲೇ ಕೆಳಕ್ಕೆ ಇಳಿಯುತ್ತಿರುವಾಗ. ಅದರ ಒಂದು ಪಾಲು ಎಳೆತವಾಗುತ್ತದೆ, ಉಳಿದದ್ದು ಶಾಖವಾಗಿ ಎಕ್ಸಾಸ್ಟ್ ಕಡೆಗೆ ಹೋಗುತ್ತದೆ. ಪಂಪಿನ ಸ್ಕ್ರೂ ತಿರುಗಿಸಿದವರಿಗೆ ಶಾಖದ ಕಾಟ ಕಾಡುವುದಕ್ಕೆ ಇದೇ ಕಾರಣ. ಹೋಗುವ ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಾದರೆ, ಒಲೆಗೆ ಸೌದೆ ತುರುಕಿದಂತೆ ಉರಿಗಿಂತ ಹೊಗೆಯೇ ಹೆಚ್ಚು. ಕಪ್ಪು ಹೊಗೆಯನ್ನು ಬಲದ ಗುರುತೆಂದು ಮೆರೆಸುವವರು ಬಹಳ ಮಂದಿ ಇದ್ದಾರೆ. ಅದು ಪೂರ್ತಿ ಉರಿಯದೆ ಹೋದ ಡೀಸೆಲ್. ನಿಮ್ಮ ದುಡ್ಡು, ಹಿಂದೆ ಬರುವವರ ಶ್ವಾಸಕೋಶ ಎರಡಕ್ಕೂ ನಷ್ಟ.

ಈ ಉಂಗುರದ ಮೇಲೆ ಅಧಿಕಾರ ನಡೆಸುವ ಜಾಗಗಳು ನಾಲ್ಕು. ಪಂಪಿನ ಹಿಂಭಾಗದಲ್ಲಿ, ಕೊಳವೆಗಳ ತಲೆಗಿಂತ ಮೇಲೆ, ಕ್ಯಾಬಿನ್ ಕಡೆಗೆ ಮುಖ ಮಾಡಿರುವ ಪೂರ್ಣ ಇಂಧನದ ಸ್ಕ್ರೂ ಮೊದಲನೆಯದು. ಅದು ಉಂಗುರವನ್ನು ಸರಿಸುವ ಸನ್ನೆಯ ಆಧಾರವನ್ನೇ ಸರಿಸುವುದರಿಂದ ಐಡ್ಲಿಂಗಿನಿಂದ ಹಿಡಿದು ಪೂರ್ತಿ ಆಕ್ಸಿಲರೇಟರಿನವರೆಗೆ ಎಲ್ಲ ಕಡೆ ಡೀಸೆಲ್ ಹೆಚ್ಚಿಸುತ್ತದೆ. ಪಂಪಿನ ನೆತ್ತಿಯ ಮೇಲೆ ಡಬ್ಬಿಯಂತೆ ಕೂತಿರುವ ಡಯಾಫ್ರಾಮ್ ಎರಡನೆಯದು. ಇಂಜಿನ್ನಿಗೆ ಗಾಳಿ ಊದುವ ಟರ್ಬೊದ ಒತ್ತಡ ಬಂದಾಗ ಅದು ಕೆಳಕ್ಕಿಳಿಯುತ್ತದೆ. ಅದರ ಕೆಳಗಿನ ಕಡ್ಡಿಗೆ ಓರೆಯಾಗಿ ಕಡೆದ ಸೊಂಟವಿದ್ದು, ಒಂದು ಪುಟ್ಟ ಅಡ್ಡಪಿನ್ನು ಆ ಓರೆಯನ್ನು ತಡವುತ್ತಾ ಎಷ್ಟು ಇಂಧನ ಬಿಡಬೇಕೆಂದು ಸನ್ನೆಗೆ ತಿಳಿಸುತ್ತದೆ. ಡಬ್ಬಿಯ ಮೇಲಿನ ಹೊಗೆ ಸ್ಕ್ರೂ ಹಾಗೂ ಒಳಗಿನ ಹಲ್ಲುಚಕ್ರ ಸೇರಿ ಮೂರನೆಯದು. ನಾಲ್ಕನೆಯದು ಗವರ್ನರ್ ಸ್ಪ್ರಿಂಗ್. ಎಷ್ಟು ವೇಗದವರೆಗೆ ಇಂಧನ ಕೊಡಬೇಕೆಂಬುದು ಅದರ ಪಾಲಿನ ಕೆಲಸ.

ಸ್ಕ್ರೂ ಮುಟ್ಟುವ ಮುಂಚೆ

ಎಕ್ಸಾಸ್ಟಿನ ಶಾಖ ಅಳೆಯುವ ಪೈರೋಮೀಟರ್ ಇಲ್ಲದೆ ಈ ಕೆಲಸ ಶುರು ಮಾಡಲೇಬೇಡಿ. ಇದು ಸಲಹೆಯಲ್ಲ, ಷರತ್ತು. ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ, ಟರ್ಬೊಗೆ ಮುಂಚೆ, ರಂಧ್ರ ಕೊರೆದು ಮರೆ (ಥ್ರೆಡ್) ಹಾಕಿ ಅದರ ಕಡ್ಡಿಯನ್ನು ಕೂರಿಸಬೇಕು. ಟರ್ಬೊ ದಾಟಿದ ಮೇಲೆ ಕೂರಿಸಿದರೆ ಮುಳ್ಳು ಕಡಿಮೆ ತೋರಿಸುತ್ತದೆ. ಭಾರ ಎಳೆಯುವಾಗಲಂತೂ ಆ ಅಂತರ ನೂರಾರು ಡಿಗ್ರಿ ಫ್ಯಾರನ್‌ಹೀಟ್ ಆಗಬಹುದು. ಕೊರೆಯುವಾಗ ಬೈರಿಗೆಯ ಮೊನೆಗೆ ಗ್ರೀಸ್ ಬಳಿಯಿರಿ, ಕಬ್ಬಿಣದ ಪುಡಿ ಅದಕ್ಕೆ ಅಂಟಿಕೊಳ್ಳುತ್ತದೆ. ಆದರೂ ಟರ್ಬೊ ಬಿಚ್ಚಿಟ್ಟು ಕೊರೆಯುವುದೇ ಒಳ್ಳೆಯದು: ಒಂದು ಚೂರು ಟರ್ಬೈನ್ ರೆಕ್ಕೆಗೆ ತಗುಲಿದರೂ ಟರ್ಬೊ ಹೋಯಿತು. ಇದರ ಜೊತೆಗೆ, ಟರ್ಬೊ ಊದುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಗೇಜೊಂದು ಇರಲಿ.

ಮ್ಯಾನಿಫೋಲ್ಡಿನ ಶಾಖ 1,250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 675 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂಬುದು ಈ ಇಂಜಿನ್ನುಗಳ ಮೇಲೆ ಕೈ ಪಳಗಿಸಿಕೊಂಡವರು ಇಟ್ಟುಕೊಂಡಿರುವ ಗೆರೆ. ಒಂದೆರಡು ಸೆಕೆಂಡು ದಾಟಿದರೆ ಅನಾಹುತವಿಲ್ಲ. ಟ್ರೇಲರ್ ಎಳೆದುಕೊಂಡು ಹತ್ತು ನಿಮಿಷ ಘಟ್ಟ ಹತ್ತುವಾಗ ಅದನ್ನು ಮೀರಿ ನಿಂತರೆ ಅಲ್ಯೂಮಿನಿಯಂ ಪಿಸ್ಟನ್ ತಾಳುವುದಿಲ್ಲ.

ಗೇಜು ಕೂರಿಸಿದ ಮೇಲೆ ಇಂಜಿನ್ ನೆಟ್ಟಗಿದೆಯೇ ನೋಡಿ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹೊಸತು ಹಾಕಿ. ಟ್ಯಾಪೆಟ್ ಸೆಟ್ಟಿಂಗ್ ಮಾಡಿ, ಅಂದರೆ ವಾಲ್ವಿನ ಸಂದು ಸರಿಪಡಿಸಿ: ಇಂಜಿನ್ ತಣ್ಣಗಿರುವಾಗ ಇನ್‌ಟೇಕ್ 0.25 ಮಿ.ಮೀ., ಎಕ್ಸಾಸ್ಟ್ 0.51 ಮಿ.ಮೀ. ಟರ್ಬೊದಿಂದ ಮ್ಯಾನಿಫೋಲ್ಡಿಗೆ ಹೋಗುವ ಹೋಸುಗಳ ಕ್ಲಿಪ್ಪುಗಳನ್ನು ಒಂದೊಂದಾಗಿ ಪರೀಕ್ಷಿಸಿ. ಡಯಾಫ್ರಾಮ್ ಡಬ್ಬಿಗೆ ಬರುವ ಸಣ್ಣ ಗಾಳಿ ಕೊಳವೆಯನ್ನು ಮರೆಯಬೇಡಿ. ಅದರಲ್ಲಿ ಬಿರುಕಿದ್ದರೆ ಟರ್ಬೊ ಎಷ್ಟೇ ಊದಿದರೂ ಪಂಪಿಗೆ ಗೊತ್ತಾಗುವುದಿಲ್ಲ, ಗಾಡಿ ಜಡವಾಗಿರುತ್ತದೆ. ಎಷ್ಟೋ ಗಾಡಿಗಳ ಎಳೆತ ಈ ಒಂದು ಕೊಳವೆ ಬದಲಿಸಿದರೆ ಮರಳುತ್ತದೆ.

ಈ ಇಂಜಿನ್ನಿಗೊಂದು ಹುಟ್ಟುದೋಷವೂ ಇದೆ. ಟೈಮಿಂಗ್ ಗೇರಿನ ಕವಚವನ್ನು ಕೂರಿಸಲು ಬಳಸಿದ ಒಂದು ಉಕ್ಕಿನ ಡೋವೆಲ್ ಪಿನ್ನು ವರ್ಷಗಳ ನಡುಕಕ್ಕೆ ಸಡಿಲಗೊಂಡು ಗೇರುಗಳ ನಡುವೆ ಬೀಳಬಹುದು. ಬಿದ್ದರೆ ಗೇರು, ಕವಚ, ಕೆಲವೊಮ್ಮೆ ಇಡೀ ಇಂಜಿನ್ನೇ ಹೋಗುತ್ತದೆ. ಪಿನ್ನು ಹೊರಬರದಂತೆ ಅಡ್ಡ ತಗಡು ಕೊಟ್ಟು ಬೋಲ್ಟ್ ಬಿಗಿಯುವ ಕಿಟ್ ಸಿಗುತ್ತದೆ. ಹಿಂದಿನ ಮಾಲೀಕರು ಹಾಕಿಸಿದ್ದಾರೋ ಇಲ್ಲವೋ ಖಚಿತವಿಲ್ಲದಿದ್ದರೆ, ಬಲ ಹೆಚ್ಚಿಸಲು ಇಟ್ಟ ದುಡ್ಡನ್ನು ಮೊದಲು ಇಲ್ಲಿ ಖರ್ಚು ಮಾಡಿ.

1991ರ ನಡುವಿಗಿಂತ ಮುಂಚಿನ ಗಾಡಿಗಳಲ್ಲಿ ಟರ್ಬೊ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಇಲ್ಲ. ಟರ್ಬೊದಿಂದ ಬಿಸಿ ಗಾಳಿ ನೇರವಾಗಿ ಇಂಜಿನ್ನಿಗೆ ಹೋಗುವುದರಿಂದ ಶಾಖದ ಗೆರೆ ಬೇಗ ಮುಟ್ಟುತ್ತದೆ. ಅಂಥ ಗಾಡಿಯವರು ಇಲ್ಲಿ ಹೇಳಿದ್ದರಲ್ಲಿ ಅರ್ಧದಷ್ಟು ದೂರ ಹೋಗಿ ನಿಲ್ಲಿ.

ಕೊನೆಯದಾಗಿ ಒಂದು ಪರಿಚಿತ ಏರು ಆರಿಸಿಕೊಳ್ಳಿ. ಎಂದಿನ ಭಾರ, ಒಂದೇ ಗೇರು, ಒಂದೇ ವೇಗದಲ್ಲಿ ಹತ್ತಿ. ಶಾಖ, ಬೂಸ್ಟ್, ಹೊಗೆಯ ಬಣ್ಣ ಮೂರನ್ನೂ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ಪ್ರತಿ ಬದಲಾವಣೆಯನ್ನೂ ಇದೇ ಏರಿನಲ್ಲಿ ಪರೀಕ್ಷಿಸಬೇಕು.

ಹೆಜ್ಜೆ 1: ಡಯಾಫ್ರಾಮ್ ಕಡ್ಡಿಯನ್ನು ತಿರುಗಿಸುವುದು

ಪೂರ್ಣ ಇಂಧನದ ಸ್ಕ್ರೂವಿನಿಂದ ಶುರು ಮಾಡುವವರೇ ಹೆಚ್ಚು. ನಾನು ಕಡ್ಡಿಯಿಂದ ಶುರು ಮಾಡಿ ಎನ್ನುತ್ತೇನೆ. ಟರ್ಬೊ ಗಾಳಿ ಕೊಟ್ಟಾಗ ಮಾತ್ರ ಇದು ಡೀಸೆಲ್ ಹೆಚ್ಚಿಸುತ್ತದೆ. ಆದ್ದರಿಂದ ಸಿಗುವ ಬಲಕ್ಕೆ ಹೊಗೆ ಕಡಿಮೆ, ಐಡ್ಲಿಂಗ್ ಕೂಡ ಕೆಡುವುದಿಲ್ಲ.

ಇಂಜಿನ್ ನಿಲ್ಲಿಸಿ, ಪಂಪಿನ ನೆತ್ತಿಯನ್ನು ಬ್ರಷ್ಷು, ಡೀಸೆಲ್ಲಿನಿಂದ ತೊಳೆದು ಒಣಗಿಸಿ. ಒಂದು ಕಣ ಮಣ್ಣು ಒಳಗೆ ಬಿದ್ದರೂ ಪ್ಲಂಜರಿಗೆ ಗೀರು. ಗಾಳಿ ಕೊಳವೆ ಕಳಚಿ, ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ. ಮುಚ್ಚಳ ತೆಗೆದೊಡನೆ ಡಯಾಫ್ರಾಮ್ ಕಾಣುತ್ತದೆ. ಅದು ಇದ್ದ ದಿಕ್ಕಿಗೆ, ಡಬ್ಬಿಯ ಅಂಚಿಗೆ ಸರಿಯಾಗಿ, ಬಣ್ಣದ ಪೆನ್ನಿನಿಂದ ಗುರುತು ಹಾಕಿ. ಇಷ್ಟವಾಗದಿದ್ದರೆ ವಾಪಸು ಬರಲು ಈ ಗುರುತೊಂದೇ ದಾರಿ.

ಡಯಾಫ್ರಾಮನ್ನು ಮೆಲ್ಲಗೆ ಎತ್ತಿ ಕಡ್ಡಿಯನ್ನು ಬೆಳಕಿಗೆ ಹಿಡಿಯಿರಿ. ಸೊಂಟದ ಓರೆ ಸುತ್ತಲೂ ಒಂದೇ ಸಮನಾಗಿಲ್ಲ, ಒಂದು ಮಗ್ಗುಲಲ್ಲಿ ಹೆಚ್ಚು ಆಳವಿದೆ. ಅಡ್ಡಪಿನ್ನು ತಡವಿದ ಜಾಗದಲ್ಲಿ ಉಜ್ಜಿ ಹೊಳಪಾದ ಗೆರೆಯೊಂದು ಕಾಣುತ್ತದೆ; ಕಾರ್ಖಾನೆಯವರು ಯಾವ ಮಗ್ಗುಲನ್ನು ಬಳಸಿದ್ದರೆಂದು ಅದು ಹೇಳುತ್ತದೆ. ಆಳವಾದ ಮಗ್ಗುಲು ಪಿನ್ನಿನ ಕಡೆ ಬರುವಂತೆ ಕಡ್ಡಿಯನ್ನು ತಿರುಗಿಸಿ ಕೂರಿಸಿದರೆ, ಅಷ್ಟೇ ಬೂಸ್ಟಿಗೆ ಹೆಚ್ಚು ಇಂಧನ ಸಿಗುತ್ತದೆ. ಒಮ್ಮೆಲೇ ಪೂರ್ತಿ ತಿರುಗಿಸದೆ ಮೊದಲು ಅರ್ಧ ದಾರಿಯಲ್ಲಿ ನಿಲ್ಲಿಸಿ.

ಕಡ್ಡಿ ಹೊರಗಿರುವಾಗ ಆಕ್ಸಿಲರೇಟರ್ ಸನ್ನೆಯನ್ನು ಯಾರೂ ಮುಟ್ಟಬಾರದು. ಮುಟ್ಟಿದರೆ ಅಡ್ಡಪಿನ್ನು ಜಾರಿ ಕಡ್ಡಿಯ ದಾರಿಗೆ ಅಡ್ಡ ಬರುತ್ತದೆ, ಅದನ್ನು ಸರಿಪಡಿಸುವುದು ತಲೆನೋವಿನ ಕೆಲಸ. ಡಯಾಫ್ರಾಮ್ ರಬ್ಬರಿನಲ್ಲಿ ಬಿರುಕಿದೆಯೇ ಎಂದೂ ಈಗಲೇ ನೋಡಿಬಿಡಿ. ಮುಚ್ಚಳ ಹಾಕುವಾಗ ರಬ್ಬರ್ ಅಂಚು ಮಡಚಿಕೊಳ್ಳದಂತೆ ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಿರಿ. ಏರಿನಲ್ಲಿ ಹತ್ತಿಸಿ, ಬರೆದುಕೊಳ್ಳಿ.

ಹೆಜ್ಜೆ 2: ಪೂರ್ಣ ಇಂಧನದ ಸ್ಕ್ರೂ

ಇದು ಎಲ್ಲಕ್ಕಿಂತ ಬಲವಾದ ಸ್ಕ್ರೂ, ಎಲ್ಲಕ್ಕಿಂತ ಅಪಾಯದ್ದೂ ಹೌದು. ಲಾಕ್‌ನಟ್ ಸಡಿಲಿಸುವ ಮೊದಲು ಸ್ಕ್ರೂವಿನ ಮೇಲೂ ಪಂಪಿನ ಮೈಮೇಲೂ ಸೇರಿದಂತೆ ಒಂದು ಗೆರೆ ಎಳೆಯಿರಿ. ಬಲಕ್ಕೆ, ಅಂದರೆ ಒಳಕ್ಕೆ ತಿರುಗಿಸಿದರೆ ಡೀಸೆಲ್ ಹೆಚ್ಚುತ್ತದೆ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಸ್ಕ್ರೂ ಅಲುಗದಂತೆ ಹಿಡಿದು ಲಾಕ್‌ನಟ್ ಬಿಗಿ ಮಾಡಿ ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಬೇಕು.

ಐಡ್ಲಿಂಗ್ ಏರಿರುತ್ತದೆ. ಐಡ್ಲಿಂಗ್ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ 750ರಿಂದ 800 ಆರ್‌ಪಿಎಂಗೆ ಇಳಿಸಿ. ಪ್ರತಿ ಕಾಲು ಸುತ್ತಿಗೂ ಹೀಗೆಯೇ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಐಡ್ಲಿಂಗ್ ಸ್ಕ್ರೂ ಪೂರ್ತಿ ಹಿಂದೆ ಬಂದಿದ್ದರೂ ಇಂಜಿನ್ನಿನ ವೇಗ ಇಳಿಯುವುದಿಲ್ಲ. ಆಕ್ಸಿಲರೇಟರ್ ಬಿಟ್ಟರೂ ನಿಧಾನವಾಗಿ ಕೆಳಗೆ ಬರುತ್ತದೆ. ಗವರ್ನರಿನ ಹಿಡಿತ ತಪ್ಪುವ ಸೂಚನೆ ಅದು. ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ ಬನ್ನಿ.

ಸ್ಕ್ರೂವಿನ ಮೇಲೆ ಕಾರ್ಖಾನೆಯವರು ಒಂದು ಕಾಲರ್ ಬೆಸುಗೆ ಹಾಕಿರುತ್ತಾರೆ. ಅದು ಪಂಪಿನ ಮೈಗೆ ತಾಗಿದ ಮೇಲೆ ಸ್ಕ್ರೂ ಒಳಕ್ಕೆ ಹೋಗುವುದಿಲ್ಲ. ಅದನ್ನು ಗ್ರೈಂಡರಿನಿಂದ ಉಜ್ಜಿ ತೆಗೆದು ಇನ್ನೂ ಮುಂದೆ ಹೋಗುವವರಿದ್ದಾರೆ. ಕಾರ್ಖಾನೆಯ ಟರ್ಬೊ ಹಾಗೆಯೇ ಇರುವ ಗಾಡಿಯಲ್ಲಿ ಕಾಲರ್ ತಾಗುವವರೆಗೆ ಹೋಗುವ ಮೊದಲೇ ಗಾಳಿ ಸಾಲದಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾಲರ್ ಅಲ್ಲೇ ಇರಲಿ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಒಬ್ಬರು ಕೀ ಮೇಲೆ ಕೈಯಿಟ್ಟುಕೊಂಡು ಒಳಗೆ ಕೂತಿರಲಿ. ಇಂಜಿನ್ ತಾನಾಗಿ ವೇಗ ಏರಿಸತೊಡಗಿದರೆ ಕೀ ಆಫ್ ಮಾಡಿದೊಡನೆ ಪಂಪಿನ ಸೊಲೆನಾಯ್ಡ್ ಡೀಸೆಲ್ ಕಡಿಯುತ್ತದೆ. ಆದರೂ ಗಾಳಿಯ ಬಾಯಿ ಮುಚ್ಚುವಷ್ಟು ಅಗಲದ ದಪ್ಪ ಹಲಗೆಯೊಂದು ಪಕ್ಕದಲ್ಲಿರಲಿ. ಕೈ ಅಥವಾ ಬಟ್ಟೆಯಿಂದ ಮುಚ್ಚಲು ಹೋಗಬೇಡಿ, ಇಂಜಿನ್ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ನಾಜಲ್ ಕೊಳವೆಗಳ ಒತ್ತಡ ನೂರಾರು ಬಾರ್. ಎಲ್ಲಾದರೂ ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡಬೇಡಿ, ರಟ್ಟಿನ ಚೂರು ಹಿಡಿದು ನೋಡಿ. ಸೂಜಿಮೊನೆಯಷ್ಟು ತೆಳ್ಳಗಿನ ಡೀಸೆಲ್ ಧಾರೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ; ಹೊರಗೆ ಸಣ್ಣ ಚುಕ್ಕೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಹೆಜ್ಜೆ 3: ಹೊಗೆಯನ್ನು ಹದಕ್ಕೆ ತರುವುದು

ಈಗ ಗಾಡಿಗೆ ಬಲ ಬಂದಿದೆ, ಆದರೆ ನಿಂತಲ್ಲಿಂದ ಹೊರಡುವಾಗ ಕಪ್ಪು ಹೊಗೆ ಕಾರಬಹುದು ಅಥವಾ ಟರ್ಬೊ ಎಚ್ಚರಾಗುವ ತನಕ ಸೋಮಾರಿಯಾಗಿರಬಹುದು. ಎರಡನ್ನೂ ಡಯಾಫ್ರಾಮ್ ಡಬ್ಬಿಯಲ್ಲೇ ತಿದ್ದಬೇಕು.

ಡಬ್ಬಿಯ ಮುಚ್ಚಳದ ಮೇಲಿನ ಸ್ಕ್ರೂ, ಬೂಸ್ಟ್ ಇಲ್ಲದಾಗ ಡಯಾಫ್ರಾಮ್ ಎಷ್ಟು ಮೇಲೆ ನಿಲ್ಲಬೇಕೆಂದು ನಿರ್ಧರಿಸುತ್ತದೆ. ಒಳಕ್ಕೆ ತಿರುಗಿಸಿದರೆ ಡಯಾಫ್ರಾಮ್ ಕೆಳಗೆ ತಳ್ಳಿಸಿಕೊಂಡು, ಗಾಳಿ ಬರುವ ಮೊದಲೇ ಡೀಸೆಲ್ ಹೆಚ್ಚುತ್ತದೆ: ಹೊರಡುವುದು ಚುರುಕು, ಹೊಗೆ ಜಾಸ್ತಿ. ಹೊರಕ್ಕೆ ತಿರುಗಿಸಿದರೆ ಹೊಗೆ ಕಡಿಮೆ. ಡಬ್ಬಿಯೊಳಗೆ, ಡಯಾಫ್ರಾಮಿನ ಕೆಳಗೆ, ಸ್ಪ್ರಿಂಗಿಗೆ ಆಧಾರವಾಗಿ ಹಲ್ಲುಚಕ್ರವಿದೆ. ಚಕ್ರ ಕೆಳಗಿಳಿದರೆ ಸ್ಪ್ರಿಂಗ್ ಸಡಿಲಾಗಿ ಕಡಿಮೆ ಬೂಸ್ಟಿಗೇ ಕಡ್ಡಿ ಇಳಿಯುತ್ತದೆ. ಮೇಲೇರಿದರೆ ಹೆಚ್ಚು ಬೂಸ್ಟ್ ಬಂದ ಮೇಲೆ ಇಂಧನ ಬರುತ್ತದೆ.

ಹದ ಯಾವುದೆಂದು ಕಣ್ಣಿಗೇ ಕಾಣುತ್ತದೆ. ಎತ್ತರದ ಗೇರಿನಲ್ಲಿ, 1,500 ಆರ್‌ಪಿಎಂ ಹತ್ತಿರ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಸೈಲೆನ್ಸರಿನಿಂದ ಬೂದುಬಣ್ಣದ ತೆಳು ಹೊಗೆ ಒಂದು ಕ್ಷಣ ಬಂದು, ಬೂಸ್ಟ್ ಮುಳ್ಳು ಏರುತ್ತಿದ್ದಂತೆ ತಿಳಿಯಾದರೆ ಸರಿಯಾಗಿದೆ. ಮುಳ್ಳು ಪೂರ್ತಿ ಏರಿದ ಮೇಲೂ ಹೊಗೆ ಉಳಿದಿದ್ದರೆ ಡಬ್ಬಿಯ ತಪ್ಪಲ್ಲ. ಇಂಜಿನ್ನಿಗೆ ಇರುವ ಗಾಳಿಗಿಂತ ಡೀಸೆಲ್ ಹೆಚ್ಚಾಗಿದೆ. ಪೂರ್ಣ ಇಂಧನದ ಸ್ಕ್ರೂವನ್ನು ಹಿಂದಕ್ಕೆ ತನ್ನಿ.

ಗವರ್ನರ್ ಸ್ಪ್ರಿಂಗ್ ಮತ್ತು ಟೈಮಿಂಗ್

ಇಲ್ಲಿಯವರೆಗಿನದನ್ನು ಯಾರಾದರೂ ಮಾಡಬಹುದು. ಇನ್ನು ಮುಂದಿನ ಎರಡು ಕೆಲಸ ಅನುಭವಸ್ಥರಿಗೆ.

ಕಾರ್ಖಾನೆಯ ಗವರ್ನರ್ ಸ್ಪ್ರಿಂಗ್ 2,500 ಆರ್‌ಪಿಎಂ ದಾಟಿದ ಮೇಲೆ ಡೀಸೆಲ್ ಕಡಿಯಲು ಶುರು ಮಾಡುತ್ತದೆ. 3,200 ಆರ್‌ಪಿಎಂ ಸ್ಪ್ರಿಂಗ್ ಎಂದೇ ಕೇಳಿದರೆ ಸಿಗುವ ಗಟ್ಟಿ ಸ್ಪ್ರಿಂಗ್ ಹಾಕಿದರೆ ಪ್ರತಿ ಗೇರಿನಲ್ಲೂ ಇನ್ನಷ್ಟು ದೂರ ಎಳೆಯಬಹುದು. ಇದಕ್ಕೆ ಪಂಪಿನ ಮೇಲ್ಭಾಗವನ್ನೇ ಬಿಚ್ಚಬೇಕು. ಆಕ್ಸಿಲರೇಟರ್ ಸನ್ನೆ ಕೂತಿರುವ ಹಲ್ಲುಗಳ ಸ್ಥಾನಕ್ಕೆ ಗುರುತು ಹಾಕದೆ ಕಳಚಿದರೆ ಮತ್ತೆ ಹೊಂದಿಸಲು ಪರದಾಡಬೇಕಾಗುತ್ತದೆ. ಮುಚ್ಚಿದ ಮೇಲೆ ಪಂಪಿನಿಂದ ಏರ್ ತೆಗೆಯಬೇಕು. ಭಾರ ಎಳೆಯುವ ಕೆಲಸಕ್ಕೆ ಮಾತ್ರ ಗಾಡಿ ಬಳಸುವವರಿಗೆ ಇದರ ಅಗತ್ಯ ಇಲ್ಲವೇ ಇಲ್ಲ; ಈ ಇಂಜಿನ್ನಿನ ಟಾರ್ಕ್ ಇರುವುದೇ 2,000ದ ಕೆಳಗೆ. ಹಾಕುವುದೇ ಆದರೆ ಹಳೆಯ ವಾಲ್ವ್ ಸ್ಪ್ರಿಂಗುಗಳನ್ನೂ ಬದಲಿಸಿ.

ಡೀಸೆಲ್ ಹೆಚ್ಚಾದಾಗ ಸಿಂಪಡಣೆ ತಡವಾಗಿ ಮುಗಿಯುತ್ತದೆ ಎಂದು ಆಗಲೇ ಹೇಳಿದೆನಲ್ಲ, ಅದನ್ನು ಸರಿದೂಗಿಸುವುದು ಟೈಮಿಂಗ್. ಪಂಪಿನ ತಲೆಯನ್ನು ಇಂಜಿನ್ ಕಡೆಗೆ ವಾಲಿಸಿದರೆ ಸಿಂಪಡಣೆ ಬೇಗ ಶುರುವಾಗುತ್ತದೆ, ಎಕ್ಸಾಸ್ಟ್ ಶಾಖ ಇಳಿಯುತ್ತದೆ. ಇಂಜಿನ್ ಆಫ್ ಮಾಡಿ, ಪಂಪಿನ ಚಾಚುಪಟ್ಟಿಯ (ಫ್ಲ್ಯಾಂಜ್) ನಟ್ಟುಗಳು, ಹಿಂದಿನ ಆಧಾರ ಹಾಗೂ ಕೊಳವೆಗಳ ನಟ್ಟುಗಳನ್ನು ಸಡಿಲಿಸಿದ ಮೇಲೆಯೇ ಪಂಪ್ ತಿರುಗುತ್ತದೆ. ಸರಿಯುವುದು ಮಿಲಿಮೀಟರುಗಳ ಲೆಕ್ಕದಲ್ಲಿ. ಅತಿಯಾದರೆ ಇಂಜಿನ್ ಕಟಕಟ ಸದ್ದು ಮಾಡುತ್ತದೆ, ಚಳಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಸಿಲಿಂಡರಿನ ಒತ್ತಡ ಏರಿ ಹೆಡ್ ಗ್ಯಾಸ್ಕೆಟ್ ಸೀಳುತ್ತದೆ. ಪ್ಲಂಜರಿನ ಎತ್ತುವಿಕೆಯನ್ನು ಡಯಲ್ ಗೇಜಿನಿಂದ ಅಳೆಯಲು ಬಾರದವರು ಇದನ್ನು ಪಂಪ್ ಕೆಲಸದವರಿಗೆ ಬಿಡಿ.

ಕ್ಲಚ್, ಗೇರ್‌ಬಾಕ್ಸ್, ಕಾನೂನು

ಹೆಚ್ಚಿದ ಟಾರ್ಕ್ ಮೊದಲು ಹುಡುಕುವುದು ಸವೆದ ಕ್ಲಚ್ ಪ್ಲೇಟನ್ನು. ಎತ್ತರದ ಗೇರಿನಲ್ಲಿ ಇಂಜಿನ್ ವೇಗ ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದೇ ಅರ್ಥ. ಈ ಗಾಡಿಗಳ ಐದು ಗೇರಿನ ಗೆಟ್ರಾಗ್ 360 ಗೇರ್‌ಬಾಕ್ಸ್ ಇಂಜಿನ್ನಿನಷ್ಟು ಗಟ್ಟಿಯಲ್ಲ. ಕಡಿಮೆ ವೇಗದಲ್ಲಿ ಐದನೇ ಗೇರಿಗೆ ಹಾಕಿ ಆಕ್ಸಿಲರೇಟರ್ ತುಳಿಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ನಾಲ್ಕಕ್ಕೆ ಇಳಿಸಿ. ಆಟೊಮ್ಯಾಟಿಕ್ ಇರುವವರು ಗೇರ್‌ಬಾಕ್ಸ್ ಎಣ್ಣೆಯ ಶಾಖಕ್ಕೂ ಒಂದು ಗೇಜ್ ಹಾಕಿಸಿಕೊಳ್ಳಿ.

ಅಮೆರಿಕದಲ್ಲಿ ವಾಹನದ ಮಾಲಿನ್ಯ ನಿಯಂತ್ರಣದ ವ್ಯವಸ್ಥೆಯನ್ನು ಕೆಡಿಸುವುದನ್ನು ಒಕ್ಕೂಟದ ಶುದ್ಧ ಗಾಳಿ ಕಾಯ್ದೆ ನಿಷೇಧಿಸುತ್ತದೆ. ಅದರ ಮೇಲೆ ಒಂದೊಂದು ರಾಜ್ಯದ ತಪಾಸಣೆ ಒಂದೊಂದು ರೀತಿ. ಅಲ್ಲಿ ನೆಲೆಸಿ ಇಂಥ ಗಾಡಿ ಇಟ್ಟುಕೊಂಡಿರುವ ಕನ್ನಡಿಗರು ಪಂಪ್ ಮುಟ್ಟುವ ಮೊದಲು ಇವೆರಡನ್ನೂ ತಿಳಿದುಕೊಳ್ಳಬೇಕು.

ಊರಿನಲ್ಲಿರುವವರಿಗೂ ಒಂದು ಮಾತು. ಬಾಷ್ ಪಂಪ್ ಎಂದರೆ ನಮಗೆ ಮೈಕೋ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿ 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡಿತು. ಟೊಯೊಟಾ ಕ್ವಾಲಿಸ್‌ನಂಥ ಗಾಡಿಯಲ್ಲಿರುವುದೂ ಇದೇ ವಿನ್ಯಾಸದ, ಒಂದೇ ಪ್ಲಂಜರಿನ ಪಂಪ್. ಆದರೆ ಕ್ವಾಲಿಸ್‌ಗೆ ಟರ್ಬೊ ಇಲ್ಲ. ಗಾಳಿ ಹೆಚ್ಚುವ ದಾರಿಯೇ ಇಲ್ಲದ ಇಂಜಿನ್ನಿನಲ್ಲಿ ಸ್ಕ್ರೂ ತಿರುಗಿಸಿದರೆ ಹೊಗೆ ಮತ್ತು ಶಾಖ ಮಾತ್ರ ಸಿಗುತ್ತದೆ. ಬಿ.ಎಸ್. 4 ಮಾಲಿನ್ಯ ಮಾನದಂಡಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಎಮಿಷನ್ ಟೆಸ್ಟಿನಲ್ಲಿ ಹೊಗೆಯ ಮಿತಿ 65 ಹಾರ್ಟ್ರಿಜ್ (ಹೊಗೆಯ ದಟ್ಟಣೆ ಅಳೆಯುವ ಮಾನ). ಹಳೆಯ ಪಂಪ್ ನಿಜಕ್ಕೂ ಸೋತಿದ್ದರೆ ಪಂಪ್-ನಾಜಲ್ ಅಂಗಡಿಯ ಟೆಸ್ಟ್ ಬೆಂಚಿಗೆ ಕಟ್ಟಿಸಿ. ಆರು ಅಥವಾ ನಾಲ್ಕು ಗಾಜಿನ ಕೊಳವೆಗಳಲ್ಲಿ ಡೀಸೆಲ್ ಒಂದೇ ಮಟ್ಟಕ್ಕೆ ತುಂಬುವಂತೆ ಮಾಡಿಕೊಡುತ್ತಾರೆ. ಕಳೆದುಹೋದ ಎಳೆತದ ಬಹುಪಾಲು ಅಲ್ಲೇ ಮರಳಿ ಬರುತ್ತದೆ.

ಹೊಂದಿಸಿದ ನಂತರ

ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಲಾಕ್‌ನಟ್, ಕೊಳವೆಗಳ ನಟ್ಟು, ಡಬ್ಬಿಯ ಸ್ಕ್ರೂಗಳನ್ನು ಮತ್ತೊಮ್ಮೆ ನೋಡಿ. ಅಂತಿಮ ಸ್ಥಾನಕ್ಕೆ ಬಣ್ಣದ ಗೆರೆ ಎಳೆದರೆ ನಡುಕಕ್ಕೆ ಏನಾದರೂ ಸರಿದದ್ದು ಒಂದೇ ನೋಟಕ್ಕೆ ತಿಳಿಯುತ್ತದೆ. ಭಾರ ಎಳೆದು ಬಂದ ಕೂಡಲೇ ಇಂಜಿನ್ ಆಫ್ ಮಾಡಬೇಡಿ. ಪೈರೋಮೀಟರ್ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 175 ಸೆಲ್ಸಿಯಸ್‌ಗೆ ಇಳಿಯುವವರೆಗೆ ಐಡ್ಲಿಂಗಿನಲ್ಲಿ ಬಿಡಿ. ಇಲ್ಲದಿದ್ದರೆ ಟರ್ಬೊ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕರಿಯಾಗುತ್ತದೆ. ಚಳಿಗಾಲದಲ್ಲಿ ಹೊಂದಿಸಿದ ಗಾಡಿಯನ್ನು ಬೇಸಿಗೆಯಲ್ಲಿ ಅದೇ ಏರಿಗೆ, ಅದೇ ಭಾರದಲ್ಲಿ ಮತ್ತೊಮ್ಮೆ ಹತ್ತಿಸಿ. ಬಿಸಿ ಗಾಳಿ ತೆಳುವಾಗಿರುವುದರಿಂದ ಶಾಖದ ಮುಳ್ಳು ಮೇಲೆ ಹೋಗಿರುತ್ತದೆ. 1,250ರ ಗೆರೆ ದಾಟಿದರೆ ಪೂರ್ಣ ಇಂಧನದ ಸ್ಕ್ರೂವನ್ನು ಕಾಲು ಸುತ್ತು ಹಿಂದಕ್ಕೆ ತಂದು, ಐಡ್ಲಿಂಗ್ ಸರಿಪಡಿಸಿ, ನೋಟ್‌ಪುಸ್ತಕದಲ್ಲಿ ಹೊಸ ಅಳತೆ ಬರೆಯಿರಿ.